ಟೈರ್ ಒಂದೇ ಕಡೆ ಸವೆಯುತ್ತಿದೆಯಾ? ಹೊಸದು ಹಾಕಿಸೋ ಮುಂಚೆ ಇದನ್ನು ನೋಡಿ

ವರ್ಟಸ್ ಜಿಟಿಯಂಥ ಜೋರು ಸೆಡಾನ್‌ಗಳಲ್ಲಿ ಕಾರನ್ನು ಎಳೆಯುವುದೂ ತಿರುಗಿಸುವುದೂ ಮುಂದಿನ ಚಕ್ರಗಳೇ. ಬ್ರೇಕಿನ ಭಾರವೂ ಹೆಚ್ಚಾಗಿ ಅಲ್ಲೇ. ಹಾಗಾಗಿ ಮುಂದಿನ ಟೈರ್ ಬೇಗ ಸವೆಯೋದು ಸಹಜ. ಒಂದೇ ಅಂಚು ಸವೆಯೋದು ಸಹಜವಲ್ಲ.

ಒಳ ಅಂಚು ಬೋಳಾಗಿದ್ದರೆ ಹೆಚ್ಚಾಗಿ ಅಲೈನ್‌ಮೆಂಟ್ ತಪ್ಪಿರುತ್ತೆ, ಇಲ್ಲವೇ ಸಸ್ಪೆನ್ಷನ್ ಬುಷ್ ಹೋಗಿರುತ್ತೆ. ನಿಂತು ನೋಡಿದರೆ ಕಾಣಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಗಾಡಿ ಆಫ್ ಮಾಡಿ, ಬಗ್ಗಿ ನೋಡಬೇಕು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಜಾಸ್ತಿ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ತೋರಿಸಿ. ಕಾರಣ ಸರಿಮಾಡದೆ ಹೊಸ ಟೈರ್ ಹಾಕಿಸಿದರೆ ಅದೂ ಹಾಗೇ ಹೋಗುತ್ತೆ, ದುಡ್ಡು ದಂಡ.

ಹೊಸದು ಕೊಳ್ಳುವಾಗ ಕಂಪನಿ ಕೊಟ್ಟ ಅಳತೆಯೇ ಇರಲಿ. ಅಳತೆಯ ಪಕ್ಕ 91ವಿ ಎಂದಿದ್ದರೆ ಟೈರ್ ಒಂದಕ್ಕೆ 615 ಕೆಜಿ, ಗಂಟೆಗೆ 240 ಕಿ.ಮೀ. ತನಕ ತಡೆಯುತ್ತೆ ಎಂದರ್ಥ. ಅಗ್ಗಕ್ಕೆ ಸಿಕ್ಕಿತೆಂದು ಇದಕ್ಕಿಂತ ಕೆಳಗಿನದು ಬೇಡ. ಪಕ್ಕದ ಗೋಡೆಯ ಮೇಲೆ 2324 ಎಂದಿದ್ದರೆ 2024ರ 23ನೇ ವಾರದ ಮಾಲು. ಹಳೇ ಸ್ಟಾಕ್ ತಳ್ಳುವವರೂ ಇದ್ದಾರೆ, ನೋಡಿಕೊಳ್ಳಿ.

ಎರಡೇ ಹಾಕಿಸುವುದಾದರೆ ಹೊಸದು ಹಿಂದಕ್ಕೆ. ಮುಂದಕ್ಕೇ ಹಾಕೋದು ರೂಢಿ, ಆದರೆ ಮಳೆಯಲ್ಲಿ ಹಿಂಭಾಗ ಜಾರಿದರೆ ಹಿಡಿತಕ್ಕೆ ತರೋದು ಕಷ್ಟ. ಪಟ್ಟಿಯ ಆಳ 1.6 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು. ಮಲೆನಾಡಿನ ಮಳೆಗೆ ಅಷ್ಟು ಕಾಯಬೇಡಿ.