ಕಡಲಾಚೆಯ ವಾರ್ಡುಗಳಿಗೆ: ನಮ್ಮ ನರ್ಸ್‌ಗಳ ವೀಸಾದ ಅರುವತ್ತು ವರ್ಷ



ಕಾಸರಗೋಡಿನ ನಮ್ಮ ಧರ್ಮಕೇಂದ್ರಗಳಲ್ಲಿ ಯಾವ ವಾಳೆಗೆ ಹೋದರೂ ಹೊರದೇಶದಲ್ಲಿ ನರ್ಸ್ ಆಗಿರುವ ಒಬ್ಬ ಅಕ್ಕನೋ ಚಿಕ್ಕಮ್ಮನೋ ಇರುವ ಮನೆ ಸಿಕ್ಕೇ ಸಿಗುತ್ತದೆ. ಮಂಗಳೂರಿನಲ್ಲೋ ದೇರಳಕಟ್ಟೆಯಲ್ಲೋ ನರ್ಸಿಂಗ್ ಓದುತ್ತಿರುವ ನಮ್ಮ ತಂಗಿಯರು, ಈಗೀಗ ತಮ್ಮಂದಿರು ಕೂಡ, ಯುವಜನರ ಕೂಟಕ್ಕೆ ಬಂದಾಗ ಕೇಳುವುದು ಒಂದೇ ಪ್ರಶ್ನೆ: ಯಾವ ದೇಶದ ವೀಸಾ ಒಳ್ಳೆಯದು? ಏಜೆಂಟರ ಆಫೀಸಿನಲ್ಲಿ ಇದಕ್ಕೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ನಾವು ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಿ, ಈ ದಾರಿಯಲ್ಲಿ ಮೊದಲು ನಡೆದವರಿಗೆ ಏನಾಯಿತು ಎಂದು ನೋಡೋಣ.

ನರ್ಸಿಂಗ್‌ಗೂ ಕ್ರೈಸ್ತರಿಗೂ ಇಷ್ಟು ನಂಟು ಏಕೆ? ನೂರು ವರ್ಷದ ಹಿಂದೆ ಅಪರಿಚಿತರ ಮೈ ಮುಟ್ಟುವುದು, ಮಲಮೂತ್ರ ತೆಗೆಯುವುದು, ರಾತ್ರಿ ಮನೆಯ ಹೊರಗೆ ಇರುವುದು, ಇವೆಲ್ಲ ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳಿಗೆ ಹೇಳಿದ ಕೆಲಸವಲ್ಲ ಎಂದು ಜಾತಿಯ ಸಮಾಜ ತೀರ್ಮಾನಿಸಿತ್ತು. ಆ ಕೆಲಸಕ್ಕೆ ಬಂದವರು ಹೆಚ್ಚಾಗಿ ಮಿಷನ್ ಆಸ್ಪತ್ರೆಗಳ ಸುತ್ತಮುತ್ತಲಿನ ಕ್ರೈಸ್ತ ಹುಡುಗಿಯರು. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ತೆರೆದರು. ನಮ್ಮ ಕಡೆ 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಹೋಮಿಯೋಪಥಿ ಔಷಧ ಕೊಡುವುದರಿಂದ ಆರಂಭಿಸಿದ ಸೇವೆ ದೊಡ್ಡ ಆಸ್ಪತ್ರೆಯಾಯಿತು. ಉಡುಪಿಯಲ್ಲಿ ಬಾಸೆಲ್ ಮಿಷನ್ನಿನ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಆಸ್ಪತ್ರೆ ಕಟ್ಟಿದರು. ಊರಿನಲ್ಲಿ ಕೀಳೆಂದು ಕಂಡ ಈ ಕೆಲಸಕ್ಕೆ ಕಡಲಾಚೆ ಬೇಡಿಕೆ ಇದೆ ಎಂದು ತಿಳಿದದ್ದು ಮಾತ್ರ ಸ್ವಾತಂತ್ರ್ಯದ ನಂತರ.

ಮೊದಲ ದೊಡ್ಡ ಬಾಗಿಲು ತೆರೆದದ್ದು ಜರ್ಮನಿಯಲ್ಲಿ, ಅದನ್ನು ತೆರೆದದ್ದು ಚರ್ಚ್. ಯುದ್ಧದ ನಂತರ ಪಶ್ಚಿಮ ಜರ್ಮನಿಯಲ್ಲಿ ಆಸ್ಪತ್ರೆಗಳು ಹೆಚ್ಚುತ್ತಿದ್ದವು. ಅಲ್ಲಿಯ ವರೆಗೆ ವಾರ್ಡುಗಳನ್ನು ನಡೆಸಿಕೊಂಡು ಬಂದಿದ್ದ ಕನ್ಯಾಮಠಗಳಿಗೆ ಸೇರುವ ಹುಡುಗಿಯರು ಕಡಿಮೆಯಾಗುತ್ತಿದ್ದರು. 1960ರ ದಶಕದಲ್ಲಿ ಅಲ್ಲಿನ ಕಥೋಲಿಕ ಆಸ್ಪತ್ರೆಗಳು, ಧರ್ಮಪ್ರಾಂತ್ಯಗಳ ಮತ್ತು ಗುರುಗಳ ಪರಿಚಯದ ಮೂಲಕ, ಕೇರಳದಿಂದ ಸಾವಿರಾರು ಯುವತಿಯರನ್ನು ಕರೆಸಿಕೊಂಡವು. ಹೆಚ್ಚಿನವರಿಗೆ ಇಪ್ಪತ್ತು ವರ್ಷ ಕೂಡ ಆಗಿರಲಿಲ್ಲ. ಅಲ್ಲಿಗೆ ಹೋಗಿ ಭಾಷೆ ಕಲಿತು, ತರಬೇತಿ ಪಡೆದು, ಬಳಿಕ ವಾರ್ಡಿಗೆ ಇಳಿಯಬೇಕಿತ್ತು. ಜರ್ಮನ್ ಭಾಷೆಯಲ್ಲೂ ನರ್ಸನ್ನು ಕರೆಯುವುದು 'ಶ್ವೆಸ್ಟರ್' ಎಂದು, ಅಂದರೆ ನಮ್ಮ ಆಸ್ಪತ್ರೆಗಳ ಹಾಗೆಯೇ ಸಿಸ್ಟರ್. ಕನ್ಯಾಸ್ತ್ರೀಗೂ ಅದೇ ಹೆಸರು. ಈ ಹುಡುಗಿಯರಲ್ಲಿ ಯಾರು ಮಠಕ್ಕೆ ಬಂದವರು, ಯಾರು ಕೆಲಸಕ್ಕೆ ಬಂದವರು ಎಂಬ ಗೊಂದಲ ಆಗ ಬರೀ ಹೆಸರಿನದ್ದಾಗಿರಲಿಲ್ಲ.

ಆ ಗೊಂದಲ 1970ರಲ್ಲಿ ಬೀದಿಗೆ ಬಂತು. ಯುರೋಪಿನ ಕೆಲವು ಮಠಗಳು ತಮ್ಮಲ್ಲಿ ಜನ ಇಲ್ಲವೆಂದು ಕೇರಳದಿಂದ ಬಡ ಹುಡುಗಿಯರನ್ನು ಹಣ ಕೊಟ್ಟು ತರಿಸಿಕೊಳ್ಳುತ್ತಿವೆ ಎಂದು ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಬರೆಯಿತು. ಲೋಕದ ಪತ್ರಿಕೆಗಳೆಲ್ಲ ಅದನ್ನು ಎತ್ತಿಕೊಂಡವು, ವ್ಯಾಟಿಕನ್ ಕೂಡ ಉತ್ತರಿಸಬೇಕಾಯಿತು. ಅತಿಶಯೋಕ್ತಿ ಎಷ್ಟು, ನಿಜ ಎಷ್ಟು ಎಂಬ ಚರ್ಚೆ ಬಹಳ ಕಾಲ ನಡೆಯಿತು. ಧರ್ಮಗುರುಗಳು ಕಳುಹಿಸುತ್ತಾರೆ ಎಂಬ ಒಂದೇ ಭರವಸೆಯ ಮೇಲೆ ಮನೆಯವರು ಮಗಳನ್ನು ವಿಮಾನ ಹತ್ತಿಸಿದ್ದರು. ಹಾಗಿರುವಾಗ ಅಲ್ಲಿ ಅವಳಿಗೆ ಸಂಬಳ ಎಷ್ಟು, ಬೇಡವೆಂದರೆ ವಾಪಸು ಬರುವ ದಾರಿ ಯಾವುದು ಎಂದು ಕಾಗದದ ಮೇಲೆ ಬರೆದುಕೊಡುವುದು ಕಳುಹಿಸಿದವರ ಜವಾಬ್ದಾರಿ ಆಗಿತ್ತು ಎಂದೇ ನಮ್ಮ ಅಭಿಪ್ರಾಯ. ಆ ಅಕ್ಕಂದಿರಲ್ಲಿ ಹೆಚ್ಚಿನವರು ಅಲ್ಲಿ ಗೌರವದಿಂದ ಬದುಕು ಕಟ್ಟಿಕೊಂಡರು, ಊರಿನ ಮನೆಗೆ ಹಂಚು ಹೊದಿಸಿದರು, ತಮ್ಮ ತಂಗಿಯರನ್ನು ಓದಿಸಿದರು. ಅದು ಕೂಡ ಅಷ್ಟೇ ನಿಜ.

ಆಮೇಲೆ ಎಣ್ಣೆಯ ಬಿಕ್ಕಟ್ಟು ಬಂತು. 1973ರ ನವೆಂಬರಿನಲ್ಲಿ ಪಶ್ಚಿಮ ಜರ್ಮನಿ ಹೊರಗಿನ ಕೆಲಸಗಾರರನ್ನು ಕರೆಸುವುದನ್ನು ನಿಲ್ಲಿಸಿತು. ಆಸ್ಪತ್ರೆಗಳಿಗೆ ಮೊದಮೊದಲು ರಿಯಾಯಿತಿ ಇತ್ತಾದರೂ, 70ರ ದಶಕದ ಕೊನೆಗೆ ಸ್ಥಳೀಯ ನರ್ಸ್‌ಗಳು ಸಿಗುತ್ತಾರೆಂದು ಕೆಲವು ರಾಜ್ಯಗಳು ಪರವಾನಗಿ ನವೀಕರಿಸಲಿಲ್ಲ. ಹತ್ತು ವರ್ಷ ದುಡಿದವರಿಗೂ ಹೊರಡಿ ಎಂದರು. ಕೆಲವರು ಪಕ್ಕದ ರಾಜ್ಯದ ಆಸ್ಪತ್ರೆ ಹುಡುಕಿದರು, ಕೆಲವರು ಅಮೆರಿಕಕ್ಕೆ ಹೋದರು, ಕೆಲವರು ಊರಿಗೆ ಮರಳಿದರು. ಅದೇ ಸಂಕಟದಲ್ಲಿದ್ದ ಕೊರಿಯಾದ ನರ್ಸ್‌ಗಳು ಸುಮ್ಮನಿರಲಿಲ್ಲ. ಬೀದಿಯಲ್ಲಿ ನಿಂತು ಜರ್ಮನ್ ಜನರ ಸಹಿ ಸಂಗ್ರಹಿಸಿದರು, ನಮಗೆ ಬೇಕಾದಾಗ ನಾವು ಹೋಗುತ್ತೇವೆ ಎಂದರು, ಉಳಿಯುವ ಹಕ್ಕನ್ನು ಪಡೆದೂ ಪಡೆದರು. ಇನ್ನು ನಮ್ಮವರ ಗಂಡಂದಿರ ಕಥೆ ಬೇರೆ. ಊರಿಗೆ ಬಂದು ಮದುವೆಯಾಗಿ ಗಂಡನನ್ನು ಕರೆದುಕೊಂಡು ಹೋದರೆ ಅವನಿಗೆ ವಾಸದ ಅನುಮತಿ ಉಂಟು, ಕೆಲಸದ ಅನುಮತಿ ವರ್ಷಗಟ್ಟಲೆ ಇಲ್ಲ. ಪದವಿ ಓದಿದ ಗಂಡಸು ಮನೆಯಲ್ಲಿ ಅಡುಗೆ ಮಾಡಿ ಮಗುವನ್ನು ನೋಡಿಕೊಂಡ. ನಮ್ಮ ಊರಿನ ಗಂಡಸರಿಗೆ ಆ ಪಾಠ ಆಗಲೇ ತಲುಪಿದ್ದರೆ ಚೆನ್ನಾಗಿತ್ತು!

ಅಮೆರಿಕದ ಕಥೆ ಕಾನೂನಿನ ಕಥೆ. 1946ರ ಕಾಯ್ದೆಯ ಪ್ರಕಾರ ಭಾರತಕ್ಕೆ ಇದ್ದ ಪಾಲು ವರ್ಷಕ್ಕೆ 100 ಜನ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದರು. ಹುಟ್ಟಿದ ದೇಶದ ಕೋಟಾ ಹೋಗಿ, ವೃತ್ತಿ ಕಲಿತವರಿಗೆ ಆದ್ಯತೆ ಬಂತು. ನರ್ಸ್‌ಗಳು ಸಾಲಾಗಿ ಹೋದರು. ಆದರೆ ಅಲ್ಲಿಗೆ ಹೋದ ಮೇಲೆ ಆ ರಾಜ್ಯದ ಲೈಸೆನ್ಸ್ ಪರೀಕ್ಷೆ ಪಾಸಾಗದೆ ಬಹಳ ಜನ ಸಹಾಯಕಿಯರ ಸಂಬಳಕ್ಕೆ ದುಡಿಯಬೇಕಾಯಿತು. ಅದಕ್ಕಾಗಿ 1977ರಲ್ಲಿ ಸಿಜಿಎಫ್‌ಎನ್‌ಎಸ್ ಎಂಬ ಸಂಸ್ಥೆ ಹುಟ್ಟಿತು. ಹೊರಡುವ ಮೊದಲೇ ಊರಿನಲ್ಲಿ ಒಂದು ಪರೀಕ್ಷೆ ಕೊಟ್ಟು ಹೋಗುವ ಕ್ರಮ ಬಂತು. ಇವತ್ತು ಎನ್‌ಸಿಎಲ್‌ಇಎಕ್ಸ್, ವೀಸಾಸ್ಕ್ರೀನ್ ಎಂದು ನಮ್ಮ ತಂಗಿಯರು ಹೇಳುವ ಹೆಸರುಗಳ ಹಿಂದೆ ಆ ಕಾಲದ ಕಹಿ ಇದೆ.

ಅಮೆರಿಕದಲ್ಲಿ ಕೊರತೆ ಹೆಚ್ಚಿದಾಗ ವಿಶೇಷ ವೀಸಾ, ಕೊರತೆ ತಗ್ಗಿದಾಗ ಬೀಗ. 1989ರ ಕಾಯ್ದೆ ನರ್ಸ್‌ಗಳಿಗಾಗಿಯೇ ಎಚ್-1ಎ ಎಂಬ ವೀಸಾ ತಂದಿತು, 1995ರಲ್ಲಿ ಅದು ಮುಗಿಯಿತು. 1999ರಲ್ಲಿ ಎಚ್-1ಸಿ ಬಂತು, ವರ್ಷಕ್ಕೆ ಬರೀ 500 ಜನಕ್ಕೆ, ಅದೂ ಬಡ ಪ್ರದೇಶದ ಕೆಲವೇ ಆಸ್ಪತ್ರೆಗಳಿಗೆ. 2009ರಲ್ಲಿ ಅದೂ ಹೋಯಿತು. ಎಚ್-1ಬಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಕನಿಷ್ಠ ಪದವಿ ಕಡ್ಡಾಯವಾದ ಹುದ್ದೆಗಳಿಗೆ ಆ ವೀಸಾ. ಅಲ್ಲಿ ಸಾಮಾನ್ಯ ವಾರ್ಡ್ ನರ್ಸ್ ಆಗಲು ಪದವಿಗಿಂತ ಕಡಿಮೆ ಓದೂ ಸಾಕಾಗುವುದರಿಂದ, ನಾವು ಬಿಎಸ್ಸಿ ಮಾಡಿದ್ದರೂ ಆ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ.

ಉಳಿದದ್ದು ಇಬಿ-3 ಎಂಬ ಗ್ರೀನ್ ಕಾರ್ಡ್ ದಾರಿ. ನರ್ಸ್‌ಗಳ ಕೊರತೆಯನ್ನು ಸರಕಾರವೇ ಒಪ್ಪಿಕೊಂಡಿರುವುದರಿಂದ, ಸ್ಥಳೀಯರು ಸಿಗಲಿಲ್ಲ ಎಂದು ಆಸ್ಪತ್ರೆ ಜಾಹೀರಾತು ಕೊಟ್ಟು ಸಾಬೀತು ಮಾಡಬೇಕಿಲ್ಲ. ಕೇಳಲು ಸುಲಭ. ಆದರೆ 1990ರ ಕಾಯ್ದೆಯಂತೆ ಯಾವುದೇ ಒಂದು ದೇಶಕ್ಕೆ ಒಟ್ಟು ಸಂಖ್ಯೆಯ 7 ಶೇಕಡಾಕ್ಕಿಂತ ಹೆಚ್ಚು ಸಿಗುವಂತಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರೂ ಮಂಜೇಶ್ವರದ ನರ್ಸೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಭಾರತದವರ ಸಾಲು ಹತ್ತು ವರ್ಷ ದಾಟಿ ಉದ್ದವಾಗಿದೆ. 2005ರಲ್ಲಿ ಸಂಸತ್ತು ಹಳೆಯ ವರ್ಷಗಳಲ್ಲಿ ಬಳಕೆಯಾಗದೆ ಉಳಿದ 50,000 ವೀಸಾಗಳನ್ನು ನರ್ಸ್ ಮೊದಲಾದವರಿಗೆ ಕೊಟ್ಟಿತು. 2006 ಮುಗಿಯುವ ಹೊತ್ತಿಗೆ ಅವೆಲ್ಲ ಖರ್ಚಾಗಿದ್ದವು. ಇಲ್ಲಿ ಒಂದು ವಿಷಯವನ್ನು ಏಜೆಂಟರು ಕೂಡ ಎಷ್ಟೋ ಸಲ ಹೇಳುವುದಿಲ್ಲ: ಈ ಲೆಕ್ಕದಲ್ಲಿ ನೋಡುವುದು ಪಾಸ್‌ಪೋರ್ಟಿನ ದೇಶವನ್ನಲ್ಲ, ಹುಟ್ಟಿದ ದೇಶವನ್ನು. ಅಮ್ಮ ಕುವೈಟಿನಲ್ಲಿ ನರ್ಸ್ ಆಗಿದ್ದಾಗ ಅಲ್ಲೇ ಹುಟ್ಟಿ, ಬೇಳದಲ್ಲಿ ಬೆಳೆದ ಹುಡುಗಿ ಭಾರತದ ಸಾಲಿನಲ್ಲಿ ನಿಲ್ಲಬೇಕಿಲ್ಲ. ಗಂಡ ಹಾಗೆ ಹುಟ್ಟಿದವನಾದರೆ ಹೆಂಡತಿಗೂ ಅವನ ಹುಟ್ಟೂರಿನ ಲೆಕ್ಕ ಸಿಗುತ್ತದೆ. ಬರ್ತ್ ಸರ್ಟಿಫಿಕೇಟನ್ನು ಕಪಾಟಿನಿಂದ ಹುಡುಕಿ ಇಟ್ಟುಕೊಳ್ಳಿ.

ಬ್ರಿಟನ್ನಿನ ಬಾಗಿಲು 2000ದ ಸುಮಾರಿಗೆ ಅಗಲವಾಗಿ ತೆರೆಯಿತು. ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಫಿಲಿಪೈನ್ಸ್, ಭಾರತಗಳಿಂದ ನರ್ಸ್‌ಗಳನ್ನು ಕರೆಸಿದರು. ಬಡ ದೇಶಗಳ ಆಸ್ಪತ್ರೆಗಳನ್ನು ಬರಿದು ಮಾಡಬಾರದೆಂದು 2001ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಒಂದು ನೀತಿ ಸಂಹಿತೆ ತಂದಿತು. ಭಾರತದ ಮಟ್ಟಿಗೆ ಅದು ವಿಚಿತ್ರವಾಗಿ ಅನ್ವಯವಾಯಿತು: ಬ್ರಿಟನ್ನಿನ ನೆರವು ಪಡೆಯುತ್ತಿದ್ದ ಆಂಧ್ರಪ್ರದೇಶ, ಮಧ್ಯಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳ ಈ ನಾಲ್ಕು ರಾಜ್ಯಗಳಲ್ಲಿ ನೇಮಕಾತಿ ನಡೆಸಬಾರದು, ಉಳಿದ ಕಡೆ ಆಗಬಹುದು. ಗಡಿನಾಡಿನ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ಆದೋನಿಯ ಕನ್ನಡದ ಹುಡುಗಿಯ ಊರಿಗೆ ನೇಮಕಾತಿಯವರು ಬರುವಂತಿಲ್ಲ. ಬಳ್ಳಾರಿಯಲ್ಲಿರುವ ಅವಳ ಚಿಕ್ಕಪ್ಪನ ಮಗಳ ಊರಿಗೆ ಬರಬಹುದು. 1950ರ ದಶಕದಲ್ಲಿ ಎಳೆದ ಗೆರೆ ಲಂಡನ್ನಿನ ವಾರ್ಡಿನ ಬಾಗಿಲಲ್ಲೂ ಕಾಣಿಸಿಕೊಂಡಿತು. ತಾನಾಗಿಯೇ ಅರ್ಜಿ ಹಾಕುವುದಕ್ಕೆ ಅಡ್ಡಿ ಇರಲಿಲ್ಲ, ಆದರೆ ಬಡ ಮನೆಯ ಹುಡುಗಿಗೆ ಆ ದಾರಿ ತೋರಿಸುವವರು ಯಾರು?

2006ರಲ್ಲಿ ಸಾಮಾನ್ಯ ನರ್ಸ್‌ಗಳನ್ನು ಬ್ರಿಟನ್ ಕೊರತೆಯ ಪಟ್ಟಿಯಿಂದ ತೆಗೆಯಿತು, 2015ರಲ್ಲಿ ಮತ್ತೆ ಸೇರಿಸಿತು. ಕೋವಿಡ್ ಕಾಲದಲ್ಲಿ, 2020ರ ಆಗಸ್ಟಿನಲ್ಲಿ, ಹೆಲ್ತ್ ಆ್ಯಂಡ್ ಕೇರ್ ವೀಸಾ ಬಂತು. ಶುಲ್ಕ ಕಡಿಮೆ, ಆರೋಗ್ಯ ಸರ್‌ಚಾರ್ಜ್ ಇಲ್ಲ. 2022ರಲ್ಲಿ ಆರೈಕೆ ಕೆಲಸದವರನ್ನೂ ಅದಕ್ಕೆ ಸೇರಿಸಿದಾಗ, ಇಂಗ್ಲಿಷ್ ಪರೀಕ್ಷೆಯ ಅಂಕ ಸಾಲದ ಎಷ್ಟೋ ನರ್ಸ್‌ಗಳು ಕೇರರ್ ಆಗಿ ಹೋದರು. ಅಲ್ಲಿಗೆ ಹೋಗಿ ಮತ್ತೆ ನರ್ಸ್ ಆಗೋಣ ಎಂಬ ಲೆಕ್ಕ. 2024ರ ಮಾರ್ಚಿನಿಂದ ಹೊಸ ಕೇರರ್‌ಗಳು ಗಂಡ ಮಕ್ಕಳನ್ನು ಕರೆಸುವಂತಿಲ್ಲ ಎಂದಾಯಿತು, 2025ರ ಜುಲೈಯಲ್ಲಿ ಹೊರದೇಶದಿಂದ ಕೇರರ್‌ಗಳ ನೇಮಕವೇ ನಿಂತಿತು. ನರ್ಸ್ ಆಗಿ ಹೋಗುವ ದಾರಿ ಮುಚ್ಚಲಿಲ್ಲ. ಕಾಯಂ ವಾಸಕ್ಕೆ ಬೇಕಾದ ಐದು ವರ್ಷವನ್ನು ಹತ್ತು ಮಾಡುವ ಪ್ರಸ್ತಾಪ ಮಾತ್ರ 2025ರ ಶ್ವೇತಪತ್ರದಲ್ಲಿ ಬಂತು.

ಗಲ್ಫಿನ ಬಗ್ಗೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಊರಿನ ಅರ್ಧ ತಾರಸಿ ಮನೆಗಳು ಎದ್ದದ್ದೇ ಅಲ್ಲಿಂದ. ಅಲ್ಲಿ ಎಷ್ಟು ವರ್ಷ ದುಡಿದರೂ ನರ್ಸ್‌ಗೆ ಪೌರತ್ವ ಸಿಗುವುದಿಲ್ಲ, ಕೆಲಸ ಇರುವ ತನಕ ವೀಸಾ. 1990ರಲ್ಲಿ ಕುವೈಟಿನ ಯುದ್ಧದಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. 2014ರಲ್ಲಿ ಇರಾಕಿನ ತಿಕ್ರಿತ್ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದ 46 ನರ್ಸ್‌ಗಳು ಜುಲೈ 5ರಂದು ಕೊಚ್ಚಿಗೆ ಬಂದಿಳಿದದ್ದು ನಿಮಗೆಲ್ಲ ನೆನಪಿರಬಹುದು. ಅವರಲ್ಲಿ ಕೆಲವರು ಮೊದಲು ಹೊರಡಲು ಹಿಂದೆ ಮುಂದೆ ನೋಡಿದ್ದರು. ಸಂಬಳ ಬಾಕಿ ಇತ್ತು, ಊರಿನಲ್ಲಿ ಶಿಕ್ಷಣ ಸಾಲ ಹಾಗೇ ಇತ್ತು. ಗುಂಡಿನ ಸದ್ದಿಗಿಂತ ಬ್ಯಾಂಕಿನ ನೋಟೀಸಿನ ಭಯ ಹೆಚ್ಚಾಗುವುದು ಎಂಥ ಸ್ಥಿತಿ ಎಂದು ಯೋಚಿಸಿ.

ಅದರ ಮರುವರ್ಷವೇ ಇನ್ನೊಂದು ಸುದ್ದಿ ಬಂತು. ಕುವೈಟಿಗೆ ನರ್ಸ್‌ಗಳನ್ನು ಕಳುಹಿಸಲು 19,500 ರೂಪಾಯಿ ತೆಗೆದುಕೊಳ್ಳಬೇಕಾದಲ್ಲಿ ಕೊಚ್ಚಿಯ ಏಜೆನ್ಸಿಯೊಂದು ತಲಾ 19.5 ಲಕ್ಷ ವಸೂಲು ಮಾಡಿತ್ತು ಎಂಬುದು ಸಿಬಿಐ ಹೂಡಿದ ಮೊಕದ್ದಮೆ. 2015ರಲ್ಲಿ ಕೇಂದ್ರ ಸರಕಾರ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ ಕಡ್ಡಾಯ ಮಾಡಿತು. ನೇಮಕಾತಿ ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದಿತು. ಕೆಲಸ ನಿಧಾನ ಎಂದು ಆಗ ಬಹಳ ಜನ ಗೊಣಗಿದರು. ಮನೆಯ ಅಡಿಕೆ ತೋಟ ಅಡವಿಟ್ಟು ಲಕ್ಷಗಟ್ಟಲೆ ಸುರಿಯುವುದಕ್ಕಿಂತ ಆರು ತಿಂಗಳು ಕಾಯುವುದು ಮೇಲು ಎಂದು ನಮಗೆ ಕಾಣುತ್ತದೆ. ಈಗ ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿದರೆ ರಶೀದಿ ಕೇಳಿ, ಮುಖ ನೋಡಿ.

ಇಷ್ಟೆಲ್ಲ ಆದ ಮೇಲೆ ಜರ್ಮನಿ ಮತ್ತೆ ಕೇರಳಕ್ಕೆ ಬಂದಿದೆ. 2020ರ ಮಾರ್ಚಿನಲ್ಲಿ ಅಲ್ಲಿ ಕುಶಲ ಕೆಲಸಗಾರರ ಹೊಸ ವಲಸೆ ಕಾಯ್ದೆ ಜಾರಿಯಾಯಿತು. 2021ರ ಡಿಸೆಂಬರಿನಲ್ಲಿ ನೋರ್ಕಾ ರೂಟ್ಸ್ ಜೊತೆ ಜರ್ಮನ್ ಸರಕಾರಿ ಸಂಸ್ಥೆಗಳು 'ಟ್ರಿಪಲ್ ವಿನ್' ಯೋಜನೆಯ ಒಪ್ಪಂದ ಮಾಡಿಕೊಂಡವು. ಈ ಸಲ ಮಧ್ಯದಲ್ಲಿ ನಿಂತಿರುವುದು ಬಿಷಪ್ಪರ ಪತ್ರವಲ್ಲ, ಸರಕಾರದ ಒಪ್ಪಂದ. ಭಾಷೆಯನ್ನು ಬಿ1 ಮಟ್ಟದ ವರೆಗೆ ಇಲ್ಲೇ ಕಲಿಸುತ್ತಾರೆ, ಅದರ ಖರ್ಚು ನರ್ಸಿನದ್ದಲ್ಲ. ಅಲ್ಲಿ ಹೋಗಿ ಬಿ2 ಮತ್ತು ಮಾನ್ಯತೆಯ ಪರೀಕ್ಷೆ ಮುಗಿಯುವ ವರೆಗೆ ಸಹಾಯಕಿಯಾಗಿ ಕೆಲಸ, ಆಮೇಲೆ ಪೂರ್ಣ ನರ್ಸ್. ಗಂಡನಿಗೂ ಕೆಲಸ ಮಾಡುವ ಅನುಮತಿ ಉಂಟು.

ಕಾಸರಗೋಡಿನ ನಾವು ಓದುವುದು ಮಂಗಳೂರಿನಲ್ಲಿ, ನೋಂದಣಿ ಕರ್ನಾಟಕದ ನರ್ಸಿಂಗ್ ಕೌನ್ಸಿಲಿನಲ್ಲಿ, ರೇಶನ್ ಕಾರ್ಡು ಕೇರಳದ್ದು. ನೋರ್ಕಾ ಎಂದರೆ ಮಲಯಾಳಿಗಳದ್ದು, ನಮಗಲ್ಲ ಎಂದು ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಅತ್ತ ಹೋಗುವುದೇ ಇಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದ ನಿವಾಸಿಗಳು, ಅಲ್ಲಿಗೆ ಅರ್ಜಿ ಹಾಕಲು ಅಷ್ಟು ಸಾಕು. ಫಾರಂ ತುಂಬಲು ಮಲಯಾಳ ಬಾರದಿದ್ದರೆ ಭಾನುವಾರ ಪೂಜೆಯ ನಂತರ ನಮ್ಮ ಯುವ ಸಂಘಟನೆಯವರನ್ನು ಕಾಣಿ. ಓದಿ ಹೇಳಲು ಬಲ್ಲವರು ನಮ್ಮಲ್ಲಿ ಇಬ್ಬರು ಇದ್ದಾರೆ.