ಖರ್ಚಾದದ್ದೆಷ್ಟು, ಕೆಲಸವಾದದ್ದೆಷ್ಟು: ಗಳಿಸಿದ ಮೌಲ್ಯದ ಲೆಕ್ಕ ಬೆಳೆದು ಬಂದ ದಾರಿ

ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ (ಕೆಡಿಪಿ) ಸಭೆಗಳಲ್ಲಿ ಅಧಿಕಾರಿಗಳು ಓದುವ ವರದಿಯಲ್ಲಿ ಎರಡು ಅಂಕಣಗಳು ತಪ್ಪದೆ ಇರುತ್ತವೆ. ಒಂದು ಭೌತಿಕ ಪ್ರಗತಿ, ಇನ್ನೊಂದು ಆರ್ಥಿಕ ಪ್ರಗತಿ. ಒಂದರಲ್ಲಿ ಕಿಲೋಮೀಟರು, ಕೊಠಡಿ, ಕೊಳವೆಬಾವಿಗಳ ಲೆಕ್ಕ. ಇನ್ನೊಂದರಲ್ಲಿ ಲಕ್ಷ ರೂಪಾಯಿಗಳ ಲೆಕ್ಕ. ಅಕ್ಕಪಕ್ಕದಲ್ಲೇ ಇದ್ದರೂ ಇವೆರಡನ್ನು ಹೋಲಿಸಲು ಬರುವುದಿಲ್ಲ, ಏಕೆಂದರೆ ಅಳತೆಗೋಲುಗಳೇ ಬೇರೆ. ಆಗಿರುವ ಕೆಲಸವನ್ನೂ ರೂಪಾಯಿಯಲ್ಲೇ ಹೇಳುವ ಮೂರನೆಯ ಅಂಕಣವೊಂದಿದ್ದರೆ ಯೋಜನೆಯ ನಿಜಸ್ಥಿತಿ ಒಂದೇ ನೋಟಕ್ಕೆ ತಿಳಿಯುತ್ತದೆ. ಆ ಮೂರನೆಯ ಅಂಕಣದ ಹೆಸರೇ 'ಅರ್ನ್ಡ್ ವ್ಯಾಲ್ಯೂ', ಅಂದರೆ ಗಳಿಸಿದ ಮೌಲ್ಯ.

ಒಂದು ಸಣ್ಣ ಲೆಕ್ಕ ನೋಡೋಣ. ಹತ್ತು ಕೊಠಡಿಗಳ ಶಾಲೆ ಕಟ್ಟಬೇಕು. ಅಂದಾಜು ವೆಚ್ಚ 1 ಕೋಟಿ, ಅವಧಿ 10 ತಿಂಗಳು. ತಿಂಗಳಿಗೊಂದು ಕೊಠಡಿ, ಕೊಠಡಿಗೆ 10 ಲಕ್ಷ. ನಾಲ್ಕು ತಿಂಗಳು ಕಳೆದಾಗ 40 ಲಕ್ಷದ ಕೆಲಸ ಮುಗಿದಿರಬೇಕಿತ್ತು. ಇದು ಯೋಜಿತ ಮೌಲ್ಯ. ಖರ್ಚಾಗಿರುವುದು 36 ಲಕ್ಷ. ಇದು ತಗುಲಿದ ವೆಚ್ಚ. ಇವೆರಡನ್ನೇ ನೋಡಿದವರು 4 ಲಕ್ಷ ಉಳಿತಾಯವಾಯಿತೆಂದು ಸಂತೋಷಪಡುತ್ತಾರೆ. ಆದರೆ ಪೂರ್ತಿಯಾದ ಕೊಠಡಿಗಳು ಮೂರೇ. ಗಳಿಸಿದ ಮೌಲ್ಯ 30 ಲಕ್ಷ. ಈ ಅಂಕಿಯನ್ನು ನಡುವೆ ಇಟ್ಟೊಡನೆ ಚಿತ್ರ ಬದಲಾಗುತ್ತದೆ. ಕೆಲಸ 10 ಲಕ್ಷದಷ್ಟು ಹಿಂದುಳಿದಿದೆ, ಆದ ಕೆಲಸಕ್ಕೆ 6 ಲಕ್ಷ ಹೆಚ್ಚು ಖರ್ಚಾಗಿದೆ. 30ನ್ನು 36ರಿಂದ ಭಾಗಿಸಿದರೆ ಬರುವ 0.83 ವೆಚ್ಚ ಸೂಚ್ಯಂಕ: ಹಾಕಿದ ಪ್ರತಿ ರೂಪಾಯಿಗೆ 83 ಪೈಸೆಯ ಕೆಲಸ ಮಾತ್ರ ಬಂದಿದೆ. ಇದೇ ಧಾಟಿಯಲ್ಲಿ ಮುಂದುವರಿದರೆ ಶಾಲೆ ಮುಗಿಯುವ ಹೊತ್ತಿಗೆ 1 ಕೋಟಿ 20 ಲಕ್ಷ ಬೇಕು. ಮೊದಲ ಅಂದಾಜಿನಲ್ಲೇ ಮುಗಿಸುತ್ತೇವೆಂದು ಹಟ ಹಿಡಿದರೆ, ಉಳಿದ 64 ಲಕ್ಷದಲ್ಲಿ 70 ಲಕ್ಷದ ಕೆಲಸ ತೆಗೆಯಬೇಕು. ಇದುವರೆಗೆ ರೂಪಾಯಿಗೆ 83 ಪೈಸೆಯ ಕೆಲಸ ತೆಗೆದವರು ಇನ್ನು ಮುಂದೆ 109 ಪೈಸೆಯ ಕೆಲಸ ತೆಗೆಯಬಲ್ಲರೇ? ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು.

ಈ ಯೋಚನೆಯ ಬೇರು ಕಾರ್ಖಾನೆಯಲ್ಲಿದೆ. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಕೈಗಾರಿಕಾ ಎಂಜಿನಿಯರುಗಳು ಒಂದು ವಸ್ತು ತಯಾರಿಸಲು ಇಷ್ಟು ಹೊತ್ತು, ಇಷ್ಟು ಖರ್ಚು ಎಂದು ಪ್ರಮಾಣ ಗೊತ್ತುಮಾಡಿಕೊಂಡಿದ್ದರು. ದಿನದ ಕೊನೆಗೆ ಹೊರಬಂದ ಮಾಲನ್ನು ಆ ಪ್ರಮಾಣದಿಂದ ಗುಣಿಸಿ, ಆದ ಖರ್ಚಿನೊಡನೆ ಹೋಲಿಸುತ್ತಿದ್ದರು. ನಮ್ಮ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರಿಗೂ ಇದರ ಅರ್ಧ ಭಾಗ ಚಿರಪರಿಚಿತ. ಅಳತೆ ಪುಸ್ತಕದಲ್ಲಿ (ಎಂ.ಬಿ.) ಅಳತೆ ದಾಖಲಾದಷ್ಟು ಕೆಲಸಕ್ಕೆ, ಒಪ್ಪಿದ ದರದಲ್ಲಿ, ಬಿಲ್ಲು. ಅಳೆದ ಕೆಲಸಕ್ಕೆ ಮೊದಲೇ ಗೊತ್ತುಮಾಡಿದ ಬೆಲೆ ಕಟ್ಟುವುದೇ ಗಳಿಸಿದ ಮೌಲ್ಯದ ತಿರುಳು.

ಆದರೆ ಒಂದೇ ವಸ್ತುವನ್ನು ಸಾವಿರ ಸಲ ಮಾಡುವ ಕಾರ್ಖಾನೆ ಬೇರೆ, ಹಿಂದೆಂದೂ ಮಾಡದ ವಸ್ತುವನ್ನು ಒಮ್ಮೆ ಮಾಡುವ ಯೋಜನೆ ಬೇರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಜಲಾಂತರ್ಗಾಮಿಯಿಂದ ಹಾರುವ ಪೊಲಾರಿಸ್ ಕ್ಷಿಪಣಿಯನ್ನು ಕೈಗೆತ್ತಿಕೊಂಡಾಗ ಈ ವ್ಯತ್ಯಾಸ ಎದ್ದು ಕಂಡಿತು. ಸಾವಿರಾರು ಕೆಲಸಗಳ ಪೈಕಿ ಯಾವುದು ಯಾವುದಕ್ಕೆ ಕಾಯಬೇಕೆಂದು ಜಾಲದಂತೆ ಬರೆದು ತೋರಿಸುವ ಪರ್ಟ್ ವಿಧಾನ ಹುಟ್ಟಿದ್ದು ಅಲ್ಲಿ, 1958ರ ಸುಮಾರಿಗೆ. ಅದೇ ಕಾಲಕ್ಕೆ ಡುಪಾಂಟ್ ಕಂಪನಿಯಲ್ಲಿ ಸಿಪಿಎಂ ಎಂಬ ಇಂಥದೇ ಜಾಲ ವಿಧಾನ ರೂಪುಗೊಂಡಿತು. ಪರ್ಟ್ ವೇಳೆಯ ಲೆಕ್ಕ ಹೇಳಿತು, ಹಣದ ಲೆಕ್ಕ ಹೇಳಲಿಲ್ಲ. ಆ ಕೊರತೆ ತುಂಬಲು 1962ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಮತ್ತು ನಾಸಾ ಒಟ್ಟಾಗಿ 'ಪರ್ಟ್/ಕಾಸ್ಟ್' ಕೈಪಿಡಿ ಹೊರತಂದವು. ಪ್ರತಿ ಗುತ್ತಿಗೆದಾರನೂ ಸರ್ಕಾರ ಹೇಳಿದ ಪದ್ಧತಿಯಲ್ಲೇ ಲೆಕ್ಕ ಇಡಬೇಕೆಂಬ ಒತ್ತಾಯ ಉದ್ಯಮಕ್ಕೆ ಹಿಡಿಸಲಿಲ್ಲ. ಅಂದಿನ ಕಂಪ್ಯೂಟರುಗಳಿಗೂ ಆ ಭಾರ ಹೆಚ್ಚಾಯಿತು. ಕೆಲವೇ ವರ್ಷಗಳಲ್ಲಿ ಅದು ಮೂಲೆಗೆ ಬಿತ್ತು. ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಹಣ ಮತ್ತು ವೇಳೆ ಎರಡನ್ನೂ ಕಟ್ಟಬೇಕು ಎಂಬ ಪಾಠ ಮಾತ್ರ ಉಳಿಯಿತು.

ಆ ಪಾಠವನ್ನು ವಾಯುಪಡೆ 1963ರ ಹೊತ್ತಿಗೆ ತನ್ನ ಮಿನಿಟ್‌ಮ್ಯಾನ್ ಕ್ಷಿಪಣಿ ಯೋಜನೆಗೆ ಅಳವಡಿಸಿತು. ಅಲ್ಲಿ ಬಂದ ಹೊಸ ಬುದ್ಧಿಯೆಂದರೆ, ಹೇಗೆ ಲೆಕ್ಕ ಇಡಬೇಕೆಂದು ಹೇಳದೆ, ಇಟ್ಟ ಲೆಕ್ಕ ಏನನ್ನು ತೋರಿಸಬೇಕೆಂದು ಮಾತ್ರ ಹೇಳುವುದು. ರಾಬರ್ಟ್ ಮೆಕ್‌ನಮಾರಾ ರಕ್ಷಣಾ ಕಾರ್ಯದರ್ಶಿಯಾಗಿದ್ದ ಕಾಲ. 1967ರ ಡಿಸೆಂಬರಿನಲ್ಲಿ ಇಲಾಖೆ 35 ಮಾನದಂಡಗಳನ್ನು ಹೊರಡಿಸಿತು. ದೊಡ್ಡ ಗುತ್ತಿಗೆ ಬೇಕಾದ ಯಾವ ಕಂಪನಿಯ ಲೆಕ್ಕದ ವ್ಯವಸ್ಥೆಯೂ ಈ 35ಕ್ಕೆ ತಾಳೆಯಾಗಬೇಕಿತ್ತು.

ಮುಂದಿನ ಮೂರು ದಶಕ ಈ ಮಾನದಂಡಗಳು ಬದುಕಿದವು, ಆದರೆ ಸೊರಗಿದವು. ಪಾಲನೆಯನ್ನು ಪರೀಕ್ಷಿಸುವ ತಂಡಗಳು ಕಾಗದಪತ್ರಗಳ ರಾಶಿ ಕೇಳತೊಡಗಿದವು. ಪರಿಭಾಷೆ ಹೊರಗಿನವರಿಗೆ ಅರ್ಥವಾಗದಂತಾಯಿತು. ಯೋಜನೆ ನಡೆಸುವವರು ಇದನ್ನು ಲೆಕ್ಕಿಗರ ಪಾಡಿಗೆ ಬಿಟ್ಟರು. ಅದರ ಬೆಲೆ ತೆತ್ತದ್ದು ನೌಕಾಪಡೆಯ ಎ-12 ವಿಮಾನ ಯೋಜನೆಯಲ್ಲಿ. ಮೆಕ್‌ಡೊನೆಲ್ ಡಗ್ಲಸ್ ಮತ್ತು ಜನರಲ್ ಡೈನಮಿಕ್ಸ್ ಕಂಪನಿಗಳಿಗೆ 1988ರಲ್ಲಿ ಕೊಟ್ಟ ಈ ಗುತ್ತಿಗೆಯಲ್ಲಿ ವೆಚ್ಚ ಮೀರುತ್ತಿರುವುದನ್ನು ತಿಂಗಳ ವರದಿಗಳು ಹೇಳುತ್ತಲೇ ಇದ್ದವು, ವಿಶ್ಲೇಷಕರು ಎಚ್ಚರಿಸಿದ್ದರು. ಮೇಲಿನವರಿಗೆ ಮುಟ್ಟಿದ್ದು ಮಾತ್ರ ಎಲ್ಲವೂ ಸರಿಹೋಗುತ್ತದೆ ಎಂಬ ಅಂದಾಜು. 1990ರ ವಸಂತದಲ್ಲಿ ರಕ್ಷಣಾ ಕಾರ್ಯದರ್ಶಿ ಡಿಕ್ ಚೆನಿ ಯೋಜನೆ ಸುಸ್ಥಿತಿಯಲ್ಲಿದೆ ಎಂದು ಸಂಸತ್ತಿಗೆ ಹೇಳಿದರು. ಕೆಲವೇ ವಾರಗಳಲ್ಲಿ ಗುತ್ತಿಗೆದಾರರು ತಮ್ಮಿಂದಾಗದೆಂದು ಒಪ್ಪಿಕೊಂಡರು. 1991ರ ಜನವರಿ 7ರಂದು ಚೆನಿ ಯೋಜನೆಯನ್ನೇ ರದ್ದುಮಾಡಿದರು. ಒಂದು ವಿಮಾನವೂ ಹಾರಲಿಲ್ಲ. ರದ್ದತಿಯ ಮೇಲಿನ ವ್ಯಾಜ್ಯ ತೀರಿದ್ದು 2014ರಲ್ಲಿ. ಇಲ್ಲಿ ಲೆಕ್ಕ ಸೋಲಲಿಲ್ಲ. ಅದನ್ನು ಕೇಳಬೇಕಾದವರು ಕೇಳಲಿಲ್ಲ.

ಈ ಪೆಟ್ಟಿನ ನಂತರವೇ ಸಂಶೋಧಕರಿಗೂ ಕಿವಿಗೊಡುವವರು ಸಿಕ್ಕರು. ಡೇವಿಡ್ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು ಮುಗಿದ ರಕ್ಷಣಾ ಗುತ್ತಿಗೆಗಳ ದಾಖಲೆಗಳನ್ನು ಜಾಲಾಡಿ 1993ರಲ್ಲಿ ಒಂದು ಸಂಗತಿ ತೋರಿಸಿದರು: ಕೆಲಸ ಶೇ. 20ರಷ್ಟು ಆದಾಗ ಇರುವ ವೆಚ್ಚ ಸೂಚ್ಯಂಕ, ಮುಂದೆ ಶೇ. 10ಕ್ಕಿಂತ ಹೆಚ್ಚು ಕದಲುವುದಿಲ್ಲ. ಕದಲಿದರೂ ಸಾಮಾನ್ಯವಾಗಿ ಕೆಳಕ್ಕೇ. ಆರಂಭದಲ್ಲಿ ಎಡವಿದರೂ ಕೊನೆಯಲ್ಲಿ ಸರಿದೂಗಿಸುತ್ತೇವೆ ಎನ್ನುವವರಿಗೆ ಇದು ಕಟುವಾದ ಉತ್ತರ. 2008ರಲ್ಲಿ ಕಿಮ್ ಹೆಂಡರ್ಸನ್ ಮತ್ತು ಓಫರ್ ಜ್ವಿಕೇಲ್ ಇದೇ ನಿಯಮವನ್ನು ಚಿಕ್ಕ ಯೋಜನೆಗಳ ಮೇಲೆ ಒರೆಹಚ್ಚಿ, ಎಲ್ಲ ಕಡೆಯೂ ಅದು ನಿಲ್ಲುವುದಿಲ್ಲವೆಂದು ತೋರಿಸಿದರು. ದೊಡ್ಡ ರಕ್ಷಣಾ ಗುತ್ತಿಗೆಯ ಪಾಠವನ್ನು ಹಾಗೇ ಎತ್ತಿ ಸಣ್ಣ ಕಟ್ಟಡಕ್ಕೆ ಹಚ್ಚಬಾರದು.

ಇತ್ತ ಉದ್ಯಮವೇ ಮುಂದೆ ಬಂದು 35 ಮಾನದಂಡಗಳನ್ನು 32ಕ್ಕೆ ಇಳಿಸಿ, ಸರಳ ಮಾತಿನಲ್ಲಿ ಬರೆಯಿತು. 1996ರ ಡಿಸೆಂಬರಿನಲ್ಲಿ ರಕ್ಷಣಾ ಇಲಾಖೆ ಅದನ್ನು ಒಪ್ಪಿತು. 1998ರಲ್ಲಿ ಅದು ಎಎನ್‌ಎಸ್‌ಐ/ಇಐಎ-748 ಎಂಬ ರಾಷ್ಟ್ರೀಯ ಮಾನಕವಾಯಿತು. ಸರ್ಕಾರದ ಅಪ್ಪಣೆಯಾಗಿದ್ದದ್ದು ವೃತ್ತಿಯ ಸ್ವಂತ ಸಾಧನವಾದದ್ದು ಈ ತಿರುವಿನಲ್ಲಿ. 2018ರಲ್ಲಿ ಬಂದ ಐಎಸ್‌ಒ 21508 ಇದಕ್ಕೆ ಅಂತರರಾಷ್ಟ್ರೀಯ ಮುದ್ರೆ ಒತ್ತಿತು.

ಇಷ್ಟಾದರೂ ಒಂದು ಹಳೆಯ ದೋಷ ಹಾಗೇ ಉಳಿದಿತ್ತು. ಮತ್ತೆ ನಮ್ಮ ಶಾಲೆಗೇ ಬರೋಣ. ಹತ್ತು ತಿಂಗಳ ಬದಲು ಹದಿಮೂರು ತಿಂಗಳಿಗೆ ಮುಗಿಯಿತೆನ್ನಿ. ಮುಗಿದ ದಿನ ಗಳಿಸಿದ ಮೌಲ್ಯ 1 ಕೋಟಿ, ಯೋಜಿತ ಮೌಲ್ಯವೂ 1 ಕೋಟಿ. ಭಾಗಿಸಿದರೆ ವೇಳೆಯ ಸೂಚ್ಯಂಕ ಸರಿಯಾಗಿ 1! ಮೂರು ತಿಂಗಳ ವಿಳಂಬ ಲೆಕ್ಕದಿಂದಲೇ ಮಾಯ. ವೇಳೆಯನ್ನು ಹಣದಲ್ಲಿ ಅಳೆದುದರ ಫಲ ಇದು. 2003ರಲ್ಲಿ ವಾಲ್ಟ್ ಲಿಪ್ಕೆ ಇದಕ್ಕೆ ಸುಲಭವಾದ ಪರಿಹಾರ ಸೂಚಿಸಿದರು. ಈಗ ಆಗಿರುವಷ್ಟು ಕೆಲಸ ಯೋಜನೆಯ ಪ್ರಕಾರ ಯಾವ ತಿಂಗಳಿಗೆ ಆಗಬೇಕಿತ್ತು ಎಂದು ನೋಡಬೇಕು. ನಾಲ್ಕನೆಯ ತಿಂಗಳಲ್ಲಿ ಮೂರು ಕೊಠಡಿಯಾಗಿದ್ದರೆ, ಗಳಿಸಿದ ವೇಳೆ ಮೂರು ತಿಂಗಳು. ಕೊನೆಯಲ್ಲಿ 13 ತಿಂಗಳಿಗೆ ಗಳಿಸಿದ್ದು 10, ಸೂಚ್ಯಂಕ 0.77. ತಡವಾದದ್ದು ತಡವೆಂದೇ ಕಾಣುತ್ತದೆ. ಬೆಲ್ಜಿಯಂನ ಮಾರಿಯೋ ವಾನ್‌ಹೌಕೆ ಮತ್ತು ಸ್ಟೀಫನ್ ವಾಂಡೆವೂರ್ಡೆ ಕಂಪ್ಯೂಟರಿನಲ್ಲಿ ಸಾವಿರಾರು ಕೃತಕ ಯೋಜನೆಗಳನ್ನು ಓಡಿಸಿ, ಮುಗಿಯುವ ದಿನವನ್ನು ಊಹಿಸಲು ಇದು ಹಳೆಯ ವಿಧಾನಗಳಿಗಿಂತ ಮೇಲೆಂದು 2007ರ ಅಧ್ಯಯನದಲ್ಲಿ ತೋರಿಸಿದರು.

ಈ ವಿಧಾನದ ಜೀವ ಇರುವುದು 'ಎಷ್ಟು ಗಳಿಸಿದೆವು' ಎಂದು ಹೇಳುವವರ ಪ್ರಾಮಾಣಿಕತೆಯಲ್ಲಿ. ಸಾಫ್ಟ್‌ವೇರ್ ಲೋಕದಲ್ಲಿ ತಿಂಗಳುಗಟ್ಟಲೆ 'ಶೇ. 90 ಮುಗಿದಿದೆ' ಎನ್ನುವ ಮಾತು ಎಲ್ಲರಿಗೂ ಗೊತ್ತು. ಅದಕ್ಕೇ ಅನುಭವಿಗಳು ಕಟ್ಟುನಿಟ್ಟಿನ ನಿಯಮ ಇಡುತ್ತಾರೆ: ಒಂದು ತುಂಡು ಪೂರ್ತಿ ಮುಗಿಯುವವರೆಗೆ ಸೊನ್ನೆ, ಮುಗಿದ ಮೇಲೆ ನೂರು. ಇನ್ನೊಂದು ಮಿತಿಯೂ ಇದೆ. ಮೊದಲ ಅಂದಾಜೇ ಸುಳ್ಳಾದರೆ ಅದರ ಮೇಲೆ ಕಟ್ಟಿದ ಸೂಚ್ಯಂಕವೂ ಸುಳ್ಳು. ಜೇಮ್ಸ್ ವೆಬ್ ದೂರದರ್ಶಕದ ಖರ್ಚು ಬೆಳೆದ ಕಾರಣ ಹುಡುಕಿದ ಸ್ವತಂತ್ರ ಸಮಿತಿ 2010ರಲ್ಲಿ ಹೇಳಿದ್ದೂ ಇದನ್ನೇ; ತಾಂತ್ರಿಕ ಕೆಲಸ ಚೆನ್ನಾಗಿತ್ತು, ಬಜೆಟ್ಟಿನ ಬುನಾದಿಯೇ ಸಾಲದಾಗಿತ್ತು. ಜೊತೆಗೆ, ಇದು ಕೆಲಸದ ಮೊತ್ತ ಹೇಳುತ್ತದೆ, ಗುಣಮಟ್ಟ ಹೇಳುವುದಿಲ್ಲ. ಬಿರುಕು ಬಿಟ್ಟ ಗೋಡೆಗೂ ಪೂರ್ತಿ ಮೌಲ್ಯ ಬರೆಯಬಹುದು.

ನಮ್ಮಲ್ಲಿ 150 ಕೋಟಿ ರೂಪಾಯಿ ಮೀರಿದ ಕೇಂದ್ರ ಯೋಜನೆಗಳ ವೆಚ್ಚ ಮತ್ತು ವಿಳಂಬವನ್ನು ಕೇಂದ್ರ ಅಂಕಿಅಂಶ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ ಗಮನಿಸುತ್ತ, ವರದಿ ಪ್ರಕಟಿಸುತ್ತ ಬಂದಿದೆ. ಮೂಲ ಅಂದಾಜು, ಈಗಿನ ಅಂದಾಜು, ಆದ ಖರ್ಚು ಎಲ್ಲ ಅಲ್ಲಿ ಸಿಗುತ್ತವೆ. ಆದರೆ ಇವನ್ನು ಹೋಲಿಸುವಾಗ ಎಚ್ಚರ ಬೇಕು. ಬೆಂಗಳೂರು ಮೆಟ್ರೋ ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು ಸುಮಾರು 6,400 ಕೋಟಿ. 2017ರ ಜೂನ್‌ನಲ್ಲಿ ಪೂರ್ಣಗೊಂಡಾಗ ವೆಚ್ಚ 13 ಸಾವಿರ ಕೋಟಿ ದಾಟಿತ್ತು. ಆದರೆ ಮಾರ್ಗವೂ 33 ಕಿಲೋಮೀಟರಿನಿಂದ 42.3ಕ್ಕೆ ಬೆಳೆದಿತ್ತು. ಹೆಚ್ಚಿದ ಹಣದಲ್ಲಿ ಹೊಸ ಕೆಲಸದ್ದೆಷ್ಟು, ಬೆಲೆಯೇರಿಕೆಯದ್ದೆಷ್ಟು, ವಿಳಂಬದ್ದೆಷ್ಟು ಎಂದು ಬೇರ್ಪಡಿಸಿ ಹೇಳಲು ಕೆಲಸ ಬದಲಾದಾಗಲೆಲ್ಲ ಬುನಾದಿಯನ್ನೂ ತಿದ್ದಿ, ಗಳಿಸಿದ ಮೌಲ್ಯವನ್ನು ತಿಂಗಳು ತಿಂಗಳು ಬರೆದಿಡಬೇಕು. ಅದಿಲ್ಲದಿದ್ದರೆ ಉಳಿಯುವುದು ಆರೋಪ ಮತ್ತು ಸಮಜಾಯಿಷಿ ಮಾತ್ರ.

ಕಾರ್ಖಾನೆಯಿಂದ ಕ್ಷಿಪಣಿಗೆ, ಕ್ಷಿಪಣಿಯಿಂದ ಮಾನಕಕ್ಕೆ ಬಂದ ಈ ಲೆಕ್ಕ ಗಣಿತದ ದೃಷ್ಟಿಯಿಂದ ಶಾಲಾ ಮಕ್ಕಳೂ ಮಾಡಬಲ್ಲ ಭಾಗಾಕಾರ. ಕಷ್ಟವಿರುವುದು ಅಹಿತವಾದ ಅಂಕಿಯನ್ನು ಹೊತ್ತಿಗೆ ಸರಿಯಾಗಿ ಹೇಳುವುದರಲ್ಲಿ, ಹೇಳಿದ್ದನ್ನು ಕೇಳಿಸಿಕೊಳ್ಳುವುದರಲ್ಲಿ. ನಮ್ಮ ಪ್ರಗತಿ ವರದಿಗಳಿಗೆ ಆ ಮೂರನೆಯ ಅಂಕಣ ಸೇರಲಿ. ಮಾರ್ಚ್ ಕೊನೆಗೆ ಎಷ್ಟು ಖರ್ಚಾಯಿತು ಎಂದು ಕೇಳುವ ಪ್ರತಿಯೊಬ್ಬರೂ, ಆ ದುಡ್ಡಿಗೆ ಎಷ್ಟು ರೂಪಾಯಿಯ ಕೆಲಸ ಬಂತು ಎಂದೂ ಕೇಳಲಿ.