ಸರಾಸರಿಗೆ ಸಿಗದ ಮಕ್ಕಳು

ಲಸಿಕೆ ಹಾಕುವುದು ಶುರುವಾದ ಎಷ್ಟೋ ವರ್ಷಗಳ ಮೇಲೆ ಅದರ ಹಂಚಿಕೆಯ ಏರುಪೇರನ್ನು ಅಳೆಯುವ ಕೆಲಸ ಶುರುವಾಯಿತು. ಭಾರತದಲ್ಲಿ 1978ರಲ್ಲಿ ಆರಂಭವಾಗಿ 1985ರಲ್ಲಿ ಸಾರ್ವತ್ರಿಕವಾದ ಕಾರ್ಯಕ್ರಮಕ್ಕೆ ಮೊದಮೊದಲು ಬೇಕಿದ್ದದ್ದು ಹಾಕಿದ ಡೋಸುಗಳ ಲೆಕ್ಕ. ಯಾರ ಮಗುವಿಗೆ ಸಿಕ್ಕಿತು, ಯಾರ ಮಗುವಿಗೆ ತಪ್ಪಿತು ಎಂಬುದು ತಿಳಿಯತೊಡಗಿದ್ದು 1992-93ರಿಂದ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಿಂದ. 2005-06ರಲ್ಲಿ ದೇಶದ ಕಡುಬಡವರ ಮಕ್ಕಳಲ್ಲಿ ಶೇ. 24ರಷ್ಟು ಮಂದಿಗೆ ಮಾತ್ರ ಎಲ್ಲ ಲಸಿಕೆ ಸಿಕ್ಕಿತ್ತು. ಅತಿ ಸ್ಥಿತಿವಂತರಲ್ಲಿ ಶೇ. 71. ಹತ್ತು ವರ್ಷಗಳಲ್ಲಿ ಬಡವರ ಪ್ರಮಾಣ ಶೇ. 53ಕ್ಕೆ ಏರಿತು, ಸ್ಥಿತಿವಂತರದು ಶೇ. 70ರಲ್ಲೇ ನಿಂತಿತು. ಹೊಸ ಸೌಲಭ್ಯ ಮೊದಲು ಉಳ್ಳವರಿಗೆ ತಲುಪಿ, ಅವರಲ್ಲಿ ತುಂಬಿದ ಮೇಲಷ್ಟೇ ಬಡವರತ್ತ ಬರುತ್ತದೆ ಎಂದು ಬ್ರೆಜಿಲ್‌ನ ಸೀಸರ್ ವಿಕ್ಟೋರಾ ಮತ್ತು ಸಂಗಡಿಗರು 2000ದಲ್ಲಿ ಮಂಡಿಸಿದ್ದ ವಾದಕ್ಕೆ ಇದು ಒಪ್ಪುತ್ತದೆ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯೂ 2021ರಲ್ಲಿ ದೇಶದಾದ್ಯಂತ ಉಚಿತವಾಗುವ ತನಕ ಹೆಚ್ಚಿನ ಕಡೆ ದುಡ್ಡು ತೆರಬಲ್ಲವರ ಪಾಲಿನದಾಗಿತ್ತು.

ಕರ್ನಾಟಕದಲ್ಲಿ ಪೂರ್ಣ ಲಸಿಕೆಯ ಪ್ರಮಾಣ 2015-16ರಲ್ಲಿ ಶೇ. 63ರಷ್ಟಿದ್ದದ್ದು 2019-21ಕ್ಕೆ ಶೇ. 84 ಆಯಿತು. ಅಂತರ ತಾನಾಗಿಯೇ ಮುಚ್ಚುತ್ತಿರುವಾಗ ಅಸಮಾನತೆಯ ಮಾತೇಕೆ ಎಂದು ಕೇಳುವವರಿದ್ದಾರೆ. ಲಸಿಕೆ ತಪ್ಪಿದ ಮಕ್ಕಳು ಎಲ್ಲ ಕಡೆ ಸಮನಾಗಿ ಹಂಚಿಹೋಗಿದ್ದರೆ ಆ ಮಾತನ್ನು ಒಪ್ಪಬಹುದಿತ್ತು. ಆದರೆ ಹಾಗಿಲ್ಲ. ಸಮೀಕ್ಷೆ ಜಿಲ್ಲೆಯ ಮಟ್ಟಕ್ಕೆ ಇಳಿದರೂ ತಾಲ್ಲೂಕಿಗೆ ಇಳಿಯದು. ಕೋಲಾರ ಜಿಲ್ಲೆಯನ್ನೇ ನೋಡಿ, ವ್ಯತ್ಯಾಸ ಇರುವುದೇ ತಾಲ್ಲೂಕುಗಳ ನಡುವೆ. ಕೋಲಾರ ಪಟ್ಟಣದವರಿಗೆ ಜಿಲ್ಲಾಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಕೈಯಳತೆಯಲ್ಲಿವೆ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಹೊರಗಿನಿಂದ ಬಂದ ಸಂಸಾರ ಮಳೆ ಹಿಡಿದೊಡನೆ ಗಂಟುಮೂಟೆ ಕಟ್ಟುತ್ತದೆ. ಶ್ರೀನಿವಾಸಪುರದಲ್ಲಿ ಮಾವಿನ ಹಂಗಾಮು ಬಂದರೆ ಕೂಲಿ ಬಿಟ್ಟು ಗುರುವಾರದ ಲಸಿಕೆಗೆ ಬರುವುದು ದಿನದ ದುಡಿಮೆ ಕಳೆದುಕೊಂಡಂತೆ. ಮುಳಬಾಗಿಲು ಆಂಧ್ರದ ಗಡಿ. ಆಚೆ ತವರಿಗೆ ಬಾಣಂತನಕ್ಕೆ ಹೋದವಳ ಮಗುವಿಗೆ ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದು ಅಲ್ಲೇ ಆಗುತ್ತದೆ, ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾಕ್ಕೆ ಈಚೆ ಬಂದಾಗ ಇಲ್ಲಿನ ಪಟ್ಟಿಯಲ್ಲಿ ಅದರ ಹೆಸರು ಇಲ್ಲದಿರುವುದುಂಟು. ಕ್ಷಯ ತಡೆಯುವ ಬಿಸಿಜಿ ಲಸಿಕೆಯ ಬಾಟಲಿಯಲ್ಲಿ ಹತ್ತು ಡೋಸು. ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಒಂದೇ ಮಗು ಬಂದರೂ ಬಾಟಲಿ ಒಡೆಯಬೇಕೆಂಬ ನಿಯಮವಿದ್ದರೂ ವ್ಯರ್ಥವಾದೀತೆಂಬ ಅಂಜಿಕೆಯಿಂದ ಮುಂದಿನ ವಾರ ಬಾ ಎನ್ನುವುದುಂಟು. ಗೂಡಿನ ತಾಯಿಗೆ ಆ ಮುಂದಿನ ವಾರ ಇದೇ ಊರಿನಲ್ಲಿ ಬರುತ್ತದೆಂಬ ಖಾತರಿಯಿಲ್ಲ.

ವಲಸೆ ಮಕ್ಕಳ ಹೊಣೆ ಅವರ ಸ್ವಂತ ಊರಿನದು ಎಂಬ ಇನ್ನೊಂದು ಆಕ್ಷೇಪವಿದೆ. ಸೋಂಕು ರೇಷನ್ ಕಾರ್ಡಿನ ವಿಳಾಸ ನೋಡಿ ಹರಡುವುದಿಲ್ಲ. ಇಟ್ಟಿಗೆ ಗೂಡು, ಕಟ್ಟಡ ಕೆಲಸದ ಜಾಗ, ಅಲೆಮಾರಿಗಳ ಬೀಡುಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿದ್ದು ಪಲ್ಸ್ ಪೋಲಿಯೊ ಗೆಲ್ಲಲು ನೆರವಾಯಿತು, 2014ರಲ್ಲಿ ಭಾರತ ಪೋಲಿಯೊಮುಕ್ತವಾಯಿತು. ಅದೇ ವರ್ಷಾಂತ್ಯಕ್ಕೆ ಬಂದ ಇಂದ್ರಧನುಷ್ ಲಸಿಕಾ ಅಭಿಯಾನವೂ ಅದೇ ದಾರಿ ಹಿಡಿಯಿತು. ಬಡತನದಿಂದ ಜಿಲ್ಲೆಗೆ, ಜಿಲ್ಲೆಯಿಂದ ಒಂದೂ ಡೋಸು ಕಾಣದ ಮಗುವಿಗೆ ಅಧ್ಯಯನದ ಗಮನ ಸರಿದು ಬಂದಿದೆ. ಆಡಳಿತವೂ ಹಾಗೆಯೇ ಸರಿಯಬೇಕು: ಆಶಾ ಕಾರ್ಯಕರ್ತೆಯ ಪಟ್ಟಿ ಊರಿನ ಮನೆಗಳಿಗೆ ನಿಲ್ಲದೆ ಆ ತಿಂಗಳು ಅಲ್ಲಿರುವ ಮಕ್ಕಳನ್ನೆಲ್ಲ ಒಳಗೊಳ್ಳಬೇಕು, ಹಂಗಾಮಿಗೆ ತಕ್ಕಂತೆ ಲಸಿಕೆಯ ದಿನವೂ ಹೊತ್ತೂ ಬದಲಾಗಬೇಕು.